ನೆನಪಿಗೊಂದು ಯೆನ್

ಮಾರ್ಚ್ ಹದಿನೈದಕ್ಕೆ ಇನ್ನು ನಾಲ್ಕೇ ದಿನ.
ಸಕಾತಾ ಪುರಸಭೆಯ ಮೇಲಂತಸ್ತಿನಲ್ಲಿ
ಸೀಮೆಎಣ್ಣೆ ಒಲೆಯ ಪಕ್ಕ ಆರನೇ ಮೇಜು ನನ್ನದು.
ಬೂಟುಗಳ ಹಿಮ ಕರಗಿ ನೆಲವೆಲ್ಲ ಒದ್ದೆ.
ಕುರಮೊಚಿ ಹಿಸಾಎ, ಅಕ್ಕಿ ಅಂಗಡಿ,
ಬಿಸ್ಕತ್ತಿನ ಡಬ್ಬಿ ತಂದು ಎದುರಿಗಿಟ್ಟು
ಮುಚ್ಚಳ ತೆಗೆಯದೆ ಕೂತರು.
"ಇದರೊಳಗೆ ಒಂದು ವರ್ಷವಿದೆ," ಎಂದರು.

ತೆಗೆದೆವು.
ದಾರ, ಚೀಲ, ತಕ್ಕಡಿಯ ರಿಪೇರಿ,
ಕಾವಿಗೆ ಅಕ್ಷರ ಹಾರಿಹೋದ ಪೆಟ್ರೋಲಿನ ಚೀಟಿ;
ದೀಪಕ್ಕೆ ಹಿಡಿದು ಓದಿದೆ, ಮೂರೋ, ಎಂಟೋ.

ಗದ್ದೆಯವರು ಕಳೆ ಕೀಳುತ್ತಾರೆ,
ನಾನು ಕಳೆಯುತ್ತ ಕೂರುತ್ತೇನೆ.
ಬಂದದ್ದರಲ್ಲಿ ಹೋದದ್ದು ಕಳೆ,
ಉಳಿದದ್ದಕ್ಕೆ ತೆರು. ಇಷ್ಟೇ ವಿದ್ಯೆ.
ಆದರೆ ಹೋದದ್ದನ್ನೆಲ್ಲ ಕಳೆಯಲು ಬಾರದು.
ವ್ಯಾಪಾರಕ್ಕೆಂದು ಹೋದದ್ದು ಮಾತ್ರ;
ಬದುಕಿಗೆಂದು ಹೋದದ್ದು ನಿಮ್ಮ ತಲೆಗೇ.

ಕೆಳಗೆ ಅಂಗಡಿ, ಮೇಲೆ ಮನೆ, ಮೀಟರು ಒಂದೇ.
"ಎಷ್ಟು ಬೆಳಕು ಅಂಗಡಿಯದು?" ಕೇಳಿದೆ.
ತುಂಬ ಹೊತ್ತು ಯೋಚಿಸಿದರು.
"ಮೆಟ್ಟಿಲ ದೀಪ ಯಾವ ಕಡೆಗೆ?"
ನಿಯಮದಲ್ಲಿ ಮೆಟ್ಟಿಲಿಲ್ಲ, ಅಳತೆ ಇದೆ.
ಇಪ್ಪತ್ತೆಂಟು ಚಾಪೆ ಜಾಗದಲ್ಲಿ ಹನ್ನೆರಡು ಅಂಗಡಿ.
ನೂರಕ್ಕೆ ನಲವತ್ತೆರಡು ಬರೆದೆ,
ಮಿಕ್ಕ ಚೂರನ್ನು ಮೆಟ್ಟಿಲಿಗೆ ಬಿಟ್ಟೆ.

"ಬೆಕ್ಕು?"
ತಲೆಯೆತ್ತಿದೆ.
"ಹೋದ ಚಳಿಗಾಲ ಹನ್ನೊಂದು ಇಲಿ ಹಿಡಿದಿದೆ.
ಸಂಬಳ ಕೇಳಿಲ್ಲ. ಮೀನು ಕೇಳುತ್ತದೆ."
ಮನೆಮಂದಿಗೆ ಸಂಬಳವೆಂದರೆ
ಮುಂಚೆಯೇ ಅರ್ಜಿ ಕೊಟ್ಟಿರಬೇಕಿತ್ತಲ್ಲ, ಎಂದೆ.
ಪಕ್ಕದ ಮೇಜಿನ ಕ್ಷೌರದವನು ನಕ್ಕ.
ಮೀನಿನ ಚೀಟಿಗಳನ್ನು ಒಂದೊಂದಾಗಿ ಮಡಿಸಿ
ಆಕೆ ಕೈಚೀಲಕ್ಕೆ ಹಾಕಿಕೊಂಡರು.

ಡಬ್ಬಿಯ ತಳದಲ್ಲಿ, ರಸೀದಿಯಲ್ಲ,
ಕಪ್ಪು ಅಂಚಿನ ಒಂದು ಕಾರ್ಡು.
ಸೊಎದಾ ಮಸಾಕಿಚಿ, ಎಪ್ಪತ್ತೊಂಬತ್ತು.
ನಲವತ್ತು ವರ್ಷ ಈ ಅಂಗಡಿಗೆ ಭತ್ತ ಕೊಟ್ಟವರು.
ಸಾವಿನ ಮನೆಯಲ್ಲಿ ಯಾರೂ ರಸೀದಿ ಹರಿಯುವುದಿಲ್ಲ,
ಇಲಾಖೆಗೂ ಅದು ಗೊತ್ತು. ಕಾರ್ಡು ಸಾಕು,
ವ್ಯಾಪಾರದ ನಂಟಿದ್ದರೆ.
"ಲಕೋಟೆಯಲ್ಲಿ ಎಷ್ಟಿಟ್ಟಿರಿ?"
"ಮೂವತ್ತು ಸಾವಿರ."

ಪೆನ್ನು ನಿಂತಿತು. ಭತ್ತ ಕೊಟ್ಟವರಿಗೆ
ಈ ಊರಲ್ಲಿ ಐದಿಡುತ್ತಾರೆ, ಹೆಚ್ಚೆಂದರೆ ಹತ್ತು.
ಕೇಳಬೇಕಿತ್ತು ನಾನು, ಅದು ನನ್ನ ಕೆಲಸ.
ಒಲೆಯ ಮೇಲೆ ಕೆಟಲು ಗುಂಯ್‌ಗುಟ್ಟುತ್ತಿತ್ತು.
"ಐದು ಬರೆದುಕೊಳ್ಳಿ," ಎಂದರು ಹಿಸಾಎ,
ಮುಚ್ಚಳದ ಮೇಲಿನ ಚಿತ್ರವನ್ನು ಹೆಬ್ಬೆರಳಲ್ಲಿ ಉಜ್ಜುತ್ತ,
"ಉಳಿದ ಇಪ್ಪತ್ತೈದು ನನ್ನದು.
ಅದರ ತೆರಿಗೆ ತೆರುತ್ತೇನೆ."

ಬರೆದೆ.

ಕಡೆಗೆ ಸವಕಳಿ. ಅಕ್ಕಿ ಬಿಳಿ ಮಾಡುವ ಯಂತ್ರ,
ತೊಂಬತ್ತೆಂಟರಲ್ಲಿ ಕೊಂಡದ್ದು.
ಭತ್ತದ ಗಾಡಿಯಲ್ಲೇ ತಂದು ಇಳಿಸಿದ್ದರಂತೆ ಮಸಾಕಿಚಿ;
ಇದನ್ನು ನಾನು ಕೇಳಿರಲಿಲ್ಲ.
ವರ್ಷವರ್ಷವೂ ಇಷ್ಟಿಷ್ಟು ಕಳೆದು, ಕಳೆದು
ಪುಸ್ತಕದಲ್ಲಿ ಈಗ ಅದರ ಬೆಲೆ ಒಂದು ಯೆನ್.
"ಸೊನ್ನೆ ಯಾಕಲ್ಲ?"
ಸೊನ್ನೆಯಾದರೆ ಪಟ್ಟಿಯಿಂದ ಬಿದ್ದುಹೋಗುತ್ತದೆ.
ಸವೆದಿದೆ, ಆದರೂ ಇದೆ, ಓಡುತ್ತಿದೆ
ಎಂಬುದು ಮರೆಯದಿರಲೆಂದು
ಒಂದು ಉಳಿಸುತ್ತೇವೆ. ನಿಯಮವೇ ಹಾಗೆ.
"ಎಲ್ಲಿಯತನಕ?"
"ಯಂತ್ರ ಇರುವತನಕ."

ಆಕೆ ಕಾಗದವನ್ನು ತಮ್ಮತ್ತ ತಿರುಗಿಸಿಕೊಂಡು
ಆ ಒಂದರ ಮೇಲೆ ಬೆರಳಿಟ್ಟು ನೋಡಿದರು.
ಮೊಹರು ಒತ್ತಿದರು, ತುಸು ಓರೆಯಾಯಿತು.
ಕಾರ್ಡು ವಾಪಸು ಬೇಕು ಎಂದರು.
ಕೊಟ್ಟೆ. ಜೋಪಾನ, ಎಂದೆ, ತಪಾಸಣೆಗೆ ಬಂದರೆ ಬೇಕು,
ಏಳು ವರ್ಷ ಇಟ್ಟುಕೊಳ್ಳಬೇಕು.

"ಏಳೇ?" ಎಂದರು.